ಹಿಮ ಬೀಳುವ ಊರಿಗೆ ಎಂಥ ಕೋಳಿಗೂಡು ತಗೋಬೇಕು?

ಕೆಂಗೇರಿ ಹಿತ್ತಲು:
ಎಲ್ಲರಿಗೂ ನಮಸ್ಕಾರ. ಕೆಂಗೇರಿಯ ನಮ್ಮ ಮನೆ ಹಿತ್ತಲಲ್ಲಿ 5 ನಾಟಿ ಕೋಳಿ ಸಾಕಿದ್ದೇನೆ. ಮಗಳು ಅಮೆರಿಕದ ಮಿನೆಸೋಟಾದಲ್ಲಿ, ಡುಲೂತ್ ಅನ್ನೋ ಊರಲ್ಲಿದ್ದಾಳೆ. ಮೊಮ್ಮಗನಿಗೆ ಕೋಳಿ ಬೇಕಂತೆ. ಅಕ್ಟೋಬರಿನಲ್ಲಿ ನಾನೂ ಹೋಗುತ್ತಿದ್ದೇನೆ. ಚಳಿಗಾಲ ಪೂರ್ತಿ ಕೋಳಿ ನೋಡಿಕೊಳ್ಳುವವಳು ನಾನೇ.

ಅಳಿಯ ಒಂದು ರೆಡಿಮೇಡ್ ಗೂಡಿನ ಫೋಟೋ ಕಳಿಸಿದ್ದಾರೆ. 6 ಕೋಳಿಗೆ ಸಾಕು ಅಂತ ಬರೆದಿದೆ. ಒಳಗಿನ ಅಳತೆ ಕೇಳಿದರೆ 4 ಅಡಿ ಉದ್ದ, 2 ಅಡಿ ಅಗಲ. ಹಲಗೆ ನನ್ನ ಕಿರುಬೆರಳಿನಷ್ಟೂ ದಪ್ಪ ಇಲ್ಲ. ಗಾಳಿಗೆ ಒಂದೇ ಕಿಂಡಿ. ಚಳಿಗೆ ಅದನ್ನೂ ಮುಚ್ಚಿ, ಒಳಗೆ ಬಿಸಿ ದೀಪ ಹಾಕೋಣ ಅನ್ನುತ್ತಾರೆ. ಅಲ್ಲಿ ಮೈನಸ್ 30 ಡಿಗ್ರಿವರೆಗೂ ಇಳಿಯುತ್ತದೆ.

ನನಗೆ ಮನಸ್ಸು ಒಪ್ಪುತ್ತಿಲ್ಲ. ಕಳೆದ ಡಿಸೆಂಬರಿನಲ್ಲಿ ಬೆಕ್ಕಿನ ಕಾಟ ಅಂತ ಎರಡು ಹೇಂಟೆಗಳನ್ನು ಮಂಕರಿ ಕೆಳಗೆ ಮುಚ್ಚಿಟ್ಟೆ. ಚಳಿ ಅಲ್ವಾ ಅಂತ ಮೇಲೆ ಗೋಣಿಚೀಲ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಬೆಳಗ್ಗೆ ತೆಗೆದರೆ ಪ್ಲಾಸ್ಟಿಕ್ಕಿನ ಒಳಮೈ ತುಂಬ ನೀರಿನ ಹನಿ. ಗೋಣಿ ಒದ್ದೆ. ಹಿಕ್ಕೆ ವಾಸನೆ ಮೂಗಿಗೆ ಹೊಡೆಯಿತು. ಹೇಂಟೆಗಳ ಬೆನ್ನು ಮುಟ್ಟಿದರೆ ತೇವ. ಎರಡೇ ಕೋಳಿ, ಒಂದೇ ರಾತ್ರಿ, ಅದೂ ಬೆಂಗಳೂರಿನ ಚಳಿ. ಅಲ್ಲಿ ಆ ನೀರೆಲ್ಲ ಏನಾಗುತ್ತದೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಜಯನಗರ ವಾಪಸ್:
ಅಮ್ಮ, ನಿಮ್ಮ ಅನುಮಾನ ಸರಿ. ಅದೇ ಮಿನೆಸೋಟಾದ ಮಿನಿಯಾಪೊಲಿಸ್ ಹತ್ತಿರ 8 ವರ್ಷ ಇದ್ದು ಬಂದವನು ನಾನು. ನೀವು ನೋಡಿದ ಆ ತೇವವೇ ಅಲ್ಲಿ ಕೋಳಿಯ ಜುಟ್ಟಿನ ಮೇಲೆ ಕೂತು ಹೆಪ್ಪುಗಟ್ಟುತ್ತದೆ. ಮೊದಲ ವರ್ಷ ನಾನೂ ಕಿಂಡಿಗಳಿಗೆಲ್ಲ ಬಟ್ಟೆ ತುರುಕಿದ್ದೆ. ಜನವರಿಯಲ್ಲಿ ನಮ್ಮ ಲೆಗ್‌ಹಾರ್ನ್ ಹುಂಜದ ಜುಟ್ಟಿನ ತುದಿಗಳು ಕಪ್ಪಾಗಿ, ಒಣಗಿ ಉದುರಿದವು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಮರುವರ್ಷ ಸೂರಿನ ಕೆಳಗೆ ಎರಡೂ ಕಡೆ ಕಿಂಡಿ ತೆಗೆಸಿ ಜಾಲರಿ ಹೊಡೆಸಿದೆ. ಕೋಳಿ ಕೂತಾಗ ಅದರ ತಲೆಗಿಂತ ಮೇಲಿರಬೇಕು. ಆಗ ತೇವ ಮೇಲಿಂದ ಹೋಗುತ್ತದೆ, ಗಾಳಿ ಮೈಗೆ ಬಡಿಯುವುದಿಲ್ಲ.

ಬಿಸಿ ದೀಪ ಬೇಡವೇ ಬೇಡ. ನೆಲಕ್ಕೆ ಹಾಸುವ ಒಣ ಹೊಟ್ಟು, ಧೂಳು, ಜೊತೆಗೆ ರೆಕ್ಕೆ ಬಡಿಯುವ ಕೋಳಿಗಳು. ದೀಪ ಕಳಚಿ ಬಿದ್ದರೆ ಗೂಡೇ ಸುಟ್ಟುಹೋಗುತ್ತದೆ. ಆ ದುಡ್ಡಲ್ಲಿ ಕುಡಿಯುವ ನೀರು ಗಟ್ಟಿಯಾಗದಂತೆ ಕೆಳಗಿಡುವ ಬಿಸಿ ತಟ್ಟೆ ತಗೊಳ್ಳಿ.

ಆ ಗೂಡು 8 ಚದರ ಅಡಿ. ಕೋಳಿಗೆ 4 ಚದರ ಅಡಿ ಅಂದರೆ ಎರಡಕ್ಕೆ ಮಾತ್ರ ಸಾಕು. ಹಿಮ ಬಿದ್ದರೆ ಅವು ಹೊರಗೆ ಇಳಿಯಲು ಒಪ್ಪುವುದಿಲ್ಲ. ತೋಟದ ಸಾಮಾನು ಇಡುವ ಸಣ್ಣ ಶೆಡ್ ತಗೊಂಡು ಗೂಡು ಮಾಡಿಸಿ. ಚಾವಣಿ ಚೆನ್ನಾಗಿ ಇಳಿಜಾರಿರಲಿ. ಹೊಸ್ತಿಲು ನೆಲದಿಂದ ಒಂದೂವರೆ ಅಡಿ ಮೇಲಿರಲಿ, ಇಲ್ಲದಿದ್ದರೆ ಹಿಮ ತಡೆದು ಬಾಗಿಲೇ ತೆರೆಯುವುದಿಲ್ಲ.

ಹೆಬ್ಬಾಳದ ಪಶುವೈದ್ಯೆ:
ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ. ಪುಕ್ಕ ಉಬ್ಬಿಸಿ, ಒಳಗೆ ಗಾಳಿ ಹಿಡಿದಿಟ್ಟುಕೊಂಡು ಚಳಿ ತಡೆಯುತ್ತದೆ. ಪುಕ್ಕ ಒದ್ದೆಯಾದರೆ ಅದು ಆಗುವುದಿಲ್ಲ. ಗೂಡಿನೊಳಗೆ ತಲೆ ಹಾಕಿದಾಗ ನಿಮ್ಮ ಕಣ್ಣು ಉರಿದರೆ ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲ ಆಗಲೇ ಜಾಸ್ತಿಯಾಗಿದೆ ಅಂತ ತಿಳಿಯಿರಿ.

ಕೂರಲು ದುಂಡು ಕೋಲು ಬೇಡ. ಸುಮಾರು 4 ಇಂಚು ಅಗಲದ ಪಟ್ಟಿ ಹಾಕಿಸಿ. ಪಾದ ಚಪ್ಪಟೆಯಾಗಿ ಊರುತ್ತದೆ, ಎದೆಯ ಪುಕ್ಕ ಬೆರಳುಗಳನ್ನು ಮುಚ್ಚುತ್ತದೆ.

ತಳಿಯನ್ನೂ ನೋಡಿಕೊಳ್ಳಿ. ನಮ್ಮ ಗಿರಿರಾಜ ನಮ್ಮ ಹವೆಗೆ ಸರಿ. ಅಲ್ಲಿಗೆ ಜುಟ್ಟು ಚಿಕ್ಕದಿರುವ ವಯಾಂಡಾಟ್ ಅಥವಾ ಕೆನಡಾದ ಶಾಂಟೆಕ್ಲೇರ್ ಒಳ್ಳೆಯದು. ಹಗಲು ಕಡಿಮೆ ಇರುವುದರಿಂದ ಮೊಟ್ಟೆ ಕಡಿಮೆಯಾಗುತ್ತದೆ. ಅದಕ್ಕೆ ಸುಮ್ನೆ ಗಾಬರಿಯಾಗಬೇಡಿ.

ಕೆಂಗೇರಿ ಹಿತ್ತಲು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಅಳಿಯನಿಗೆ ಓದಿ ಹೇಳಿದೆ. ಆ ಪೆಟ್ಟಿಗೆ ಬಿಟ್ಟು 6 ಅಡಿ, 4 ಅಡಿಯ ಶೆಡ್ ನೋಡುತ್ತಿದ್ದಾರೆ. ಕೋಳಿ 4 ಸಾಕು ಅಂದಿದ್ದೇನೆ. ಇನ್ನೊಂದು ಪ್ರಶ್ನೆ: ನಾನಿಲ್ಲಿ ಭತ್ತದ ಹೊಟ್ಟನ್ನು ಎರಡು ಇಂಚು ಹರಡಿ ವಾರಕ್ಕೊಮ್ಮೆ ತೆಗೆಯುತ್ತೇನೆ. ಅಲ್ಲಿ ಹೇಗೆ?

ಜಯನಗರ ವಾಪಸ್:
ಅಲ್ಲಿ ಪೈನ್ ಮರದ ಹೊಟ್ಟು ಮೂಟೆಯಲ್ಲಿ ಸಿಗುತ್ತದೆ, ಅಮ್ಮ. ಅರ್ಧ ಅಡಿಯಿಂದ ಶುರು ಮಾಡಿ. ಒದ್ದೆಯಾದ ಜಾಗ ಕೆದಕಿ, ಮೇಲೆ ಒಣ ಹೊಟ್ಟು ಸುರಿಯುತ್ತಾ ಹೋಗಿ. ನೀರಿನ ಪಾತ್ರೆಯ ಸುತ್ತ ಮಾತ್ರ ದಿನಾ ನೋಡಿ. ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಒಮ್ಮೆಗೇ ಬಾಚಿ ಗೊಬ್ಬರದ ಗುಂಡಿಗೆ ಹಾಕಿದರಾಯಿತು.