ಹಳೆಯ ಕಮೋಡ್, ವಾಶ್‌ಬೇಸಿನ್ ಬಿಚ್ಚುವಾಗ ಗೋಡೆಯೊಳಗಿನ ಪೈಪಿಗೆ ಪೆಟ್ಟಾಗದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ:
ಸ್ನಾನಗೃಹದ ಹಳೆಯ ಕಮೋಡ್, ವಾಶ್‌ಬೇಸಿನ್ ಮತ್ತು ನಲ್ಲಿಗಳನ್ನು ತೆಗೆದು ಹೊಸದನ್ನು ಕೂರಿಸಬೇಕಾಗಿದೆ. ಗೋಡೆಯೊಳಗೆ ಇರುವುದು ಹಳೆಯ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು. ಬೇಸಿನ್ ಕೆಳಗಿನ ಆಂಗಲ್ ವಾಲ್ವ್ (ಬೇಸಿನ್‌ಗೆ ಬರುವ ನೀರನ್ನು ನಿಲ್ಲಿಸುವ ಚಿಕ್ಕ ವಾಲ್ವ್) ತುಕ್ಕು ಹಿಡಿದು ಅಲುಗಾಡುತ್ತಲೇ ಇಲ್ಲ. ಹೊಸ ಸಾಮಾನು ಬರುವವರೆಗೆ ಕೆಲವು ದಿನ ಪೈಪುಗಳು ಹಾಗೆಯೇ ಇರಬೇಕಾಗುತ್ತದೆ. ಯಾವ ಕ್ರಮದಲ್ಲಿ ಬಿಚ್ಚುವುದು ಸುರಕ್ಷಿತವೆಂದು ದಯವಿಟ್ಟು ತಿಳಿಸಿ.

ಉತ್ತರ 1:
ತಿರುಗದ ಆಂಗಲ್ ವಾಲ್ವನ್ನು ನೆಚ್ಚಿಕೊಳ್ಳದೆ ಟ್ಯಾಂಕಿನಿಂದ ಬರುವ ಮುಖ್ಯ ವಾಲ್ವನ್ನೇ ಮುಚ್ಚಿ, ಎಲ್ಲಕ್ಕಿಂತ ಕೆಳಗಿರುವ ನಲ್ಲಿಯನ್ನು ತೆರೆದು ಪೈಪಿನಲ್ಲಿ ಉಳಿದ ನೀರನ್ನು ಹರಿಯಬಿಡಿ. ಕನೆಕ್ಷನ್ ಪೈಪಿನ ನಟ್ಟನ್ನು ಸಡಿಲಿಸುವಾಗ ಒಂದು ಸ್ಪ್ಯಾನರ್ ನಟ್ಟಿನ ಮೇಲಿದ್ದರೆ ಇನ್ನೊಂದು ವಾಲ್ವಿನ ಮೈಯನ್ನು ಬಿಗಿಯಾಗಿ ಹಿಡಿದಿರಬೇಕು. ಇಲ್ಲದಿದ್ದರೆ ನೀವು ಹಾಕುವ ಬಲವೆಲ್ಲ ಗೋಡೆಯೊಳಗಿನ ಎಲ್ಬೋ (ಪೈಪಿನ ಬಾಗು ಜೋಡಣೆ) ಮೇಲೆ ಬಿದ್ದು, ತುಕ್ಕು ತಿಂದ ತಿರುಪಿನ ಭಾಗ (ಥ್ರೆಡ್) ಅಲ್ಲಿಯೇ ಮುರಿಯಬಹುದು. ವಾಲ್ವನ್ನೇ ತೆಗೆಯಬೇಕಾದಾಗ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕೆಲವು ಗಂಟೆ ಬಿಟ್ಟು, ಸ್ವಲ್ಪ ಬಿಗಿಸಿ ಸ್ವಲ್ಪ ಸಡಿಲಿಸುತ್ತಾ ಬನ್ನಿ. ಹಾಗೆ ತಿರುಗಿಸುವಾಗ ಗೋಡೆಯ ಗಾರೆ ಬಿರುಕು ಬಿಟ್ಟರೆ ತಕ್ಷಣ ನಿಲ್ಲಿಸಿ, ಸುತ್ತಲಿನ ಗಾರೆಯನ್ನು ಉಳಿಯಿಂದ ಬಿಡಿಸಿ ಎಲ್ಬೋವನ್ನು ಹಿಡಿದುಕೊಂಡೇ ತಿರುಗಿಸಿ. ಒಂದೆರಡು ಟೈಲ್ಸ್ ಹೋದರೂ ಚಿಂತೆಯಿಲ್ಲ, ಒಳಗಿನ ಪೈಪು ಉಳಿಯಬೇಕು.

ಉತ್ತರ 2:
ಕಮೋಡ್ ವಿಚಾರವಾಗಿ ಹೇಳುವುದಾದರೆ, ಫ್ಲಶ್ ಮಾಡಿದ ಮೇಲೂ ತೊಟ್ಟಿಯಲ್ಲಿ ಮತ್ತು ಟ್ರ್ಯಾಪಿನಲ್ಲಿ (ಕಮೋಡಿನ ಕೆಳಗೆ ನೀರು ನಿಲ್ಲುವ ಬಾಗಿದ ಭಾಗ) ನೀರು ಉಳಿದಿರುತ್ತದೆ, ಅದನ್ನು ಸ್ಪಂಜಿನಿಂದ ಹೀರಿ ತೆಗೆಯಿರಿ. ತುಕ್ಕು ಹಿಡಿದ ಬೋಲ್ಟುಗಳನ್ನು ತಿರುಗಿಸಲು ಹೆಣಗುವ ಬದಲು ಹ್ಯಾಕ್ಸಾದಿಂದ ಕತ್ತರಿಸುವುದೇ ಮೇಲು. ಸಿಮೆಂಟಿನಲ್ಲಿ ಕೂರಿಸಿದ್ದರೆ ಪಿಂಗಾಣಿ ಒಡೆಯುವುದು ಬಹುತೇಕ ಖಚಿತ. ಅದರ ಚೂರು ಗಾಜಿನಷ್ಟೇ ಹರಿತವಾದ್ದರಿಂದ ಕೈಗವಸು, ಕನ್ನಡಕ ಇಲ್ಲದೆ ಕೈ ಹಾಕಬೇಡಿ. ಕೊಳಚೆ ಅನಿಲವನ್ನು ತಡೆಯುತ್ತಿದ್ದದ್ದು ಟ್ರ್ಯಾಪಿನಲ್ಲಿ ನಿಂತ ನೀರು. ಕಮೋಡ್ ತೆಗೆದೊಡನೆ ಆ ತಡೆ ಹೋಗಿ, ಹೈಡ್ರೋಜನ್ ಸಲ್ಫೈಡ್, ಮೀಥೇನ್ ಇರುವ ಅನಿಲ ನೇರವಾಗಿ ಮನೆಯೊಳಗೆ ಬರುತ್ತದೆ. ಕೆಲಸ ನಡೆಯುವಾಗ ಪೈಪಿನ ಬಾಯಿಗೆ ಬಟ್ಟೆಯ ಉಂಡೆ ತುರುಕಿ, ಅದು ಒಳಗೆ ಜಾರದಂತೆ ದಾರ ಕಟ್ಟಿ ಹೊರಗೆ ಬಿಡಿ. ಕೆಲವು ದಿನ ಹಾಗೆಯೇ ಬಿಡುವುದಾದರೆ ಬಟ್ಟೆ ಸಾಲದು, ಅಳತೆಗೆ ಸರಿಯಾದ ಮುಚ್ಚಳವನ್ನೇ ಹಾಕಬೇಕು.

ಉತ್ತರ 3:
ಗೀಸರ್ ಇದ್ದರೆ ನೀರು ಇಳಿಸುವ ಮೊದಲೇ ಅದರ ವಿದ್ಯುತ್ತನ್ನು ಎಂಸಿಬಿಯಲ್ಲಿ (ವಿದ್ಯುತ್ ಬೋರ್ಡಿನ ಸುರಕ್ಷತಾ ಸ್ವಿಚ್) ನಿಲ್ಲಿಸಿ, ಏಕೆಂದರೆ ನೀರಿಲ್ಲದೆ ಕಾದರೆ ಕಾಯಿಲ್ ಸುಟ್ಟುಹೋಗುತ್ತದೆ. ನೀರಿನ ಪೈಪುಗಳ ಬಾಯಿಗೆ ಟೆಫ್ಲಾನ್ ಟೇಪ್ ಸುತ್ತಿದ ಎಂಡ್ ಪ್ಲಗ್ (ಪೈಪಿನ ಬಾಯಿ ಮುಚ್ಚುವ ತಿರುಪಿನ ಬಿರಡೆ) ಹಾಕಿ, ಮುಖ್ಯ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಅರ್ಧ ಗಂಟೆಯ ನಂತರ ಪ್ರತಿಯೊಂದು ಪ್ಲಗ್ಗಿನ ಸುತ್ತ ಒಣ ಕಾಗದ ಒತ್ತಿ ನೋಡಿದರೆ ಕಣ್ಣಿಗೆ ಕಾಣದ ಸೋರಿಕೆಯೂ ತಿಳಿಯುತ್ತದೆ.