ಸಹಾಯ ಬೇಕು: ಮನೆಯಲ್ಲೇ ಮಾಡಿದ ಗಾಳಿಯಂತ್ರಕ್ಕೆ ಗ್ರಿಡ್-ಟೈ ಇನ್ವರ್ಟರ್

ಎಲ್ಲರಿಗೂ ನಮಸ್ಕಾರ. ಕಾರವಾರದ ಹತ್ತಿರ ಮಾಜಾಳಿಯಲ್ಲಿ, ಸಮುದ್ರದ ಪಕ್ಕದಲ್ಲೇ ನಮ್ಮ ಮನೆ. ಅಣ್ಣನೂ ನಾನೂ ಸೇರಿ ಮರದ ಮೂರು ರೆಕ್ಕೆ ಕೆತ್ತಿ, ಮ್ಯಾಗ್ನೆಟ್ ಕೂರಿಸಿ, ತಾಮ್ರದ ತಂತಿ ಸುತ್ತಿ ತ್ರೀ-ಫೇಸ್ ಜನರೇಟರ್ ಮಾಡಿದ್ದೇವೆ. ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡೋದು) ದಾಟಿದ ಮೇಲೆ, ಲೋಡ್ ಇಲ್ಲದೆ, ಸಂಜೆಯ ಗಾಳಿಗೆ 40 ವೋಲ್ಟ್ ಡಿಸಿ ಬರ್ತದೆ. ಮಳೆಗಾಲದ ಗಾಳಿಗೆ 90 ದಾಟಿದ್ದನ್ನು ಮೀಟರಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಕೈಯಲ್ಲಿರೋದು ಸೋಲಾರಿಗೆ ಅಂತ ತಂದ ಗ್ರಿಡ್-ಟೈ ಇನ್ವರ್ಟರ್ (ಡಿಸಿಯನ್ನು ಎಸಿ ಮಾಡಿ ಕರೆಂಟ್ ಲೈನಿಗೇ ಸೇರಿಸುವಂಥದ್ದು), ಅದು ತಡೆಯೋದು 60 ವೋಲ್ಟ್ ಮಾತ್ರ.

ನನ್ನ ಹೆದರಿಕೆ ಇದು: ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ಗ್ರಿಡ್-ಟೈ ಇನ್ವರ್ಟರ್ ತಾನಾಗಿ ಬಂದ್ ಆಗ್ತದೆ. ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅದು ಬೇಕೇ ಬೇಕು. ಆದರೆ ಆಗ ಲೋಡ್ ತಪ್ಪಿ ರೆಕ್ಕೆಗೆ ಹಿಡಿತವೇ ಇರೋದಿಲ್ಲ, ವೇಗದ ಜೊತೆ ವೋಲ್ಟೇಜೂ ಏರ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ನಮ್ಮಲ್ಲಿ ಕರೆಂಟ್ ಹೋಗೋದೂ ಗಾಳಿ ಜೋರಾದಾಗಲೇ.

55 ವೋಲ್ಟ್ ಆದ ಕೂಡಲೇ ಕರೆಂಟನ್ನು ಹೀಟರ್ ಕಾಯಿಲಿಗೆ ತಿರುಗಿಸುವ ಡಂಪ್ ಲೋಡ್ ಯಾರಾದರೂ ಕಟ್ಟಿದ್ದೀರಾ? ಸೋಲಾರ್ ಇನ್ವರ್ಟರಿನ ಎಂಪಿಪಿಟಿ (ಹೆಚ್ಚು ಶಕ್ತಿ ಸಿಗುವ ವೋಲ್ಟೇಜ್ ಹುಡುಕೋ ಭಾಗ) ಗಾಳಿಯ ಏರಿಳಿತಕ್ಕೆ ಹೊಂದ್ತದಾ, ಅಥವಾ ಗಾಳಿಗೆ ಅಂತಲೇ ಮಾಡಿದ್ದು ಬೇಕಾ? ಹೆಸ್ಕಾಂ ಒಪ್ಪಿಗೆ ಸಿಗದೆ ಲೈನಿಗೆ ಜೋಡಿಸೋದಿಲ್ಲ. ಶಿರಸಿ, ಕುಮಟಾ ಕಡೆ ಮಾಡಿದವರಿದ್ದರೆ ಹೇಳಿ, ನಾನೇ ಬಂದು ನೋಡ್ತೇನೆ.