ಹೆಡ್ ಬಿಚ್ಚಿದ್ದಾಯ್ತು, ನೀರು ಹೋಗಿದ್ದೆಲ್ಲಿಗೆ? ಹಳೇ ಗಾಡಿ ಇಟ್ಟವರು ಅನುಭವ ಹೇಳಿ

ಮೈಸೂರು ಪದ್ಮಿನಿ: ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ. ದಿನಕ್ಕೆ ಅರ್ಧ ಲೀಟರ್ ನೀರು ಕುಡಿಯುತ್ತಿತ್ತು. ನೆಲದ ಮೇಲೆ ಒಂದು ಹನಿ ಇಲ್ಲ. ನೀರು ಸೇರಿ ಆಯಿಲ್ ಮಜ್ಜಿಗೆ ಆಗಿಲ್ಲ. ಭಾನುವಾರ ನಾನೂ ತಮ್ಮನೂ ಸೇರಿ ಹೆಡ್, ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳ, ಇಳಿಸಿದೆವು. ಅದಕ್ಕೂ ಕೆಳಗಿನ ಸಿಲಿಂಡರ್ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಎಲ್ಲೂ ಸುಟ್ಟಿಲ್ಲ. ನಾಲ್ಕರಲ್ಲಿ ಮೂರು ಪಿಸ್ಟನ್ ಮೇಲೆ ಮಸಿ, ಮೂರನೇ ನಂಬರಿನದು ಮಾತ್ರ ತಿಕ್ಕಿ ತೊಳೆದ ಪಾತ್ರೆ ಥರ ಹೊಳೆಯುತ್ತಿದೆ. ಸೋರಿಕೆ ಹೆಡ್ಡಿನಲ್ಲೋ ಬ್ಲಾಕಿನಲ್ಲೋ ಹೇಗೆ ಗೊತ್ತು ಮಾಡೋದು? ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿಬಿಡಲಾ?

ಹುಬ್ಬಳ್ಳಿ ಫಿಯೆಟ್: ಮುಚ್ಚಬೇಡ್ರಿ. ನಾನು ಹಾಗೇ ಮುಚ್ಚಿ, ಒಂದಲ್ಲ ಮೂರು ಸಲ ಹೆಡ್ ಬಿಚ್ಚಿದವನು. ಮೊದಲ ಸಲ ಗ್ಯಾಸ್ಕೆಟ್ 850, ಕೂಲೆಂಟ್ 640, ಕೂಲಿ 3,500. ಹನ್ನೊಂದನೇ ದಿನ ಧಾರವಾಡದ ಹತ್ತಿರ ಸೂಜಿ ಕೆಂಪಿಗೆ ಹೋಯಿತು. ಗಾಡಿ ಎಳೆಸಿದ್ದಕ್ಕೆ 2,200. ಎರಡನೇ ಸಲ ಲೇತಿನವನಿಗೆ ಹೆಡ್ ಫೇಸಿಂಗ್‌ಗೆ, ಅಂದರೆ ಹೆರೆದು ಸಮ ಮಾಡಲಿಕ್ಕೆ, ಕೊಟ್ಟೆ, 1,500. ಎಷ್ಟು ತೆಗೆದ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗ್ಯಾಸ್ಕೆಟ್ ಅಷ್ಟರಲ್ಲಿ 980 ಆಗಿತ್ತು. ಕೂಲಿ ಮತ್ತೆ ಅಷ್ಟೇ. ಐದು ವಾರ ಓಡಿತು.

ಮೂರನೇ ಸಲ ಬೇರೆ ಲೇತಿಗೆ ಹೋದೆ. ವಯಸ್ಸಾದ ಮನುಷ್ಯ. ಹೆಡ್ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಕೆಳಗೆ ಸಂದು ಅಳೆಯುವ ತೆಳು ತಗಡು, ಫೀಲರ್ ಗೇಜ್, ತೂರಿಸಿ ನೋಡಿದರು. ಹೆಡ್ ನೇರವಾಗಿಯೇ ಇತ್ತು! ನೀರಿನ ತೂತಿನ ಅಂಚು ತಿಂದುಹೋಗಿತ್ತು. ಬೀಡಿನ (ಎರಕದ ಕಬ್ಬಿಣದ) ಬ್ಲಾಕ್ ಮೇಲೆ ಅಲ್ಯೂಮಿನಿಯಂ ಹೆಡ್, ಕೂಲೆಂಟ್ ಹಾಕೋ ಮೊದಲು ನಡುವೆ ಇದ್ದದ್ದು ಬರೀ ಬೋರ್‌ವೆಲ್ ನೀರು. ಬ್ಯಾಟರಿ ಥರ ಕೆಲಸ ಮಾಡಿ ಅಲ್ಯೂಮಿನಿಯಂ ಕರಗಿಸುತ್ತದೆ. ವೆಲ್ಡಿಂಗ್ ತುಂಬಿಸಿ ಮತ್ತೆ ಫೇಸಿಂಗ್ 4,800. ಒಟ್ಟು 23 ಸಾವಿರ ದಾಟಿತು. ಮನೆಯಲ್ಲಿ ಒಂಬತ್ತು ಅಂತ ಹೇಳಿದ್ದೇನೆ. ಈಗ ನೀರು ನಿಂತಿದೆ, ಆದರೆ ಎರಡು ಸಲ ಹೆರೆಸಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಏರಿದೆ. ಏರು ಬಂದರೆ ಟಕಟಕ ಹೊಡೆಯುತ್ತದೆ.

ಮಲೆನಾಡ ಅಂಬಿ: ಅದಕ್ಕೇ ನಾನು ಅಂಬಾಸಿಡರ್ ತಗೊಂಡಿದ್ದು. 1489 ಸಿಸಿ ಇಂಜಿನ್, ಹೆಡ್ಡೂ ಬೀಡು, ಬ್ಲಾಕೂ ಬೀಡು. ಅಷ್ಟು ಸುಲಭಕ್ಕೆ ಸೊಟ್ಟ ಆಗಲ್ಲ. ನನಗೂ ಒಮ್ಮೆ ನೀರು ಆಯಿಲ್ಲಿಗೆ ಇಳಿದಿತ್ತು, ಗಾಡಿ ತಪ್ಪಲ್ಲ. ವಾಲ್ವ್ ಒತ್ತುವ ರಾಕರಿಂದ ಸದ್ದು ಬರುತ್ತಿದೆ ಅಂತ ಒಬ್ಬ ಹುಡುಗ ನೀರು ಇಳಿಸದೆ ರಾಕರ್ ಶಾಫ್ಟ್ ಬಿಚ್ಚಿದ. ಆ ಇಂಜಿನ್ನಿನಲ್ಲಿ ಹೆಡ್ ಹಿಡಿದಿರೋದು 11 ನಟ್ಟು, ಅದರಲ್ಲಿ 4 ರಾಕರ್ ಕಂಬದ ಮೂಲಕವೇ ಇಳಿಯುತ್ತವೆ. ಅವನ್ನು ಸಡಿಲ ಮಾಡಿದರೆ ಹೆಡ್ ಸಡಿಲ ಆಯಿತು ಅಂತಲೇ ಅರ್ಥ. ಸಂಜೆಗೆ ಆಯಿಲ್ ನೋಡುವ ಡಿಪ್‌ಸ್ಟಿಕ್ ಎಳೆದರೆ ಹಾಲು ಜಾಸ್ತಿ ಹಾಕಿದ ಕಾಫಿ. ಎರಡು ಸಲ ಆಯಿಲ್ ಬದಲಿಸಿದೆ. ಎಂಟು ವರ್ಷ ಆಯಿತು, ಆಮೇಲೆ ಹೆಡ್ ಮುಟ್ಟಿಲ್ಲ.

ಹುಬ್ಬಳ್ಳಿ ಫಿಯೆಟ್: ಅವರು ಕೇಳಿದ್ದು ಪದ್ಮಿನಿ ಬಗ್ಗೆ ರೀ. ಬೀಡಿನ ಹೆಡ್ಡೂ ಬಿರುಕು ಬಿಡುತ್ತದೆ. ಕಾದ ಇಂಜಿನ್ನಿಗೆ ಒಂದು ಬಿಂದಿಗೆ ತಣ್ಣೀರು ಸುರಿದು ನೋಡಿ.

ಮಲೆನಾಡ ಅಂಬಿ: ನಾನ್ಯಾಕೆ ಸುರೀಲಿ? ನನ್ನ ಗಾಡಿ ಕಾಯುವುದೇ ಇಲ್ಲ.

ಟ್ಯಾಕ್ಸಿ ಮಾವ: ಮುಂಬೈಯಲ್ಲಿ 14 ವರ್ಷ ಫಿಯೆಟ್ ಟ್ಯಾಕ್ಸಿ, ಅಂದರೆ ಇದೇ ಪದ್ಮಿನಿ, ಓಡಿಸಿದವನು ನಾನು. 2023ರ ಅಕ್ಟೋಬರಿನಲ್ಲಿ ಆ ಕಪ್ಪು-ಹಳದಿ ಪದ್ಮಿನಿಗಳೆಲ್ಲ ರಸ್ತೆ ಬಿಟ್ಟಾಗ ಊರಲ್ಲಿ ಕೂತು ಟಿವಿ ನೋಡಿ ಕಣ್ಣು ಒದ್ದೆ ಮಾಡಿಕೊಂಡೆ. ನೀರು ಸೋರಿದರೆ ನಾವು ಹೆಡ್ ಬಿಚ್ಚುತ್ತಿರಲಿಲ್ಲ. ಸೋರುವ ಜಾಗ ಕಟ್ಟಲಿಕ್ಕೆ ರೇಡಿಯೇಟರಿಗೆ ಎರಡು ಚಮಚ ಅರಿಶಿನ. ಪಾಳಿ ಮುಗಿಯುವ ತನಕ ಓಡುತ್ತಿತ್ತು. ಬಾಡಿಗೆ ಬಿಟ್ಟರೆ ಮಾಲೀಕನಿಗೆ ಏನು ಕೊಡೋದು?

ಕುಡ್ಲದ ಕಾರು: ಮಾರಾಯ್ರೇ, ಇಂಥ ಸಲಹೆ ಕೊಡಬೇಡಿ! ನಾನು ತಗೊಂಡ ಗಾಡಿಗೆ ಹಿಂದಿನವರು ಅದನ್ನೇ ಮಾಡಿದ್ದರು. ರೇಡಿಯೇಟರ್ ಬಿಚ್ಚಿದರೆ ಕೊಳವೆಗಳಲ್ಲಿ ಹಳದಿ ಗಟ್ಟಿ. ಅರ್ಧಕ್ಕರ್ಧ ಬಂದ್. ಹೊಸ ಕೋರ್ (ಆ ಕೊಳವೆಗಳ ಜಾಲ) ಹಾಕಿಸಲಿಕ್ಕೆ 7,500, ಅದೂ ಮೂರು ವಾರ ಕಾದ ಮೇಲೆ. ಅಷ್ಟರಲ್ಲಿ ಇಂಜಿನ್ ಎರಡು ಸಲ ಕಾದು, ಹೊಗೆ ಬಿಡುವ ಎಗ್ಸಾಸ್ಟ್ ವಾಲ್ವ್ ಕೂರುವ ಸೀಟಿನ ಹತ್ತಿರ ಹೆಡ್ ಬಿರುಕು ಬಿಟ್ಟಿತು.

ಆ ಬಿರುಕು ಕಣ್ಣಿಗೆ ಕಾಣುತ್ತಿರಲಿಲ್ಲ. ಮಸಿ ತೆಗೆದು, ಸೀಮೆಎಣ್ಣೆ ಬಳಿದು, ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದೆ. ಬಿರುಕಿನೊಳಗೆ ಉಳಿದ ಎಣ್ಣೆ ಮೇಲೆ ಬಂದು ಕೂದಲಿನಂಥ ಗೆರೆ ಮೂಡಿತು. ಸೀಮೆಎಣ್ಣೆ ಹುಡುಕಲಿಕ್ಕೇ ನಾಲ್ಕು ದಿನ ಬೇಕಾಯಿತು, ಅದು ಬೇರೆ ಕಥೆ.

ಟ್ಯಾಕ್ಸಿ ಮಾವ: ಚಮಚ ಅಂದೆ, ಸೇರು ಅನ್ನಲಿಲ್ಲ. ನಿಮ್ಮ ಹಿಂದಿನವರು ಸಾರಿಗೆ ಹಾಕಿದ ಹಾಗೆ ಹಾಕಿದ್ದರೆ ನಾನೇನು ಮಾಡಲಿ.

ಕುಡ್ಲದ ಕಾರು: ಹೊಟ್ಟೆಪಾಡಿಗೆ ಓಡಿಸಿದವರಿಗೂ ಪ್ರೀತಿಗೆ ಇಟ್ಟುಕೊಂಡವರಿಗೂ ಇದೇ ವ್ಯತ್ಯಾಸ.

ಟ್ಯಾಕ್ಸಿ ಮಾವ: ಆ ಮಾತು ಬೇಡ ತಮ್ಮಾ. ನಿನ್ನ ಗಾಡಿ ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತದೆ? ನನ್ನದು ಎರಡು ವಾರದಲ್ಲಿ ಅಷ್ಟು ಓಡುತ್ತಿತ್ತು.

ಮೈಸೂರಿನವರೇ, ನಿಮಗೆ ಹೇಳುತ್ತೇನೆ. ಹೊಳೆಯುವ ಪಿಸ್ಟನ್ ಅಂದರೆ ಅಲ್ಲಿ ನೀರು ಹಬೆಯಾಗಿ ಹೋಗಿದೆ, ಅದು ಸರಿ. ಆದರೆ ಅರ್ಧ ಲೀಟರೂ ಅಲ್ಲಿಂದಲೇ ಹೋಯಿತು ಅನ್ನಬೇಡಿ. ಹೆಡ್ ಇಲ್ಲದಾಗ ಬ್ಲಾಕ್ ನೋಡುವುದು ಸುಲಭ. ಸಿಲಿಂಡರ್‌ಗಳಿಗೆ ಬಟ್ಟೆ ತುರುಕಿ. ಕೆಳಗಿನ ಹೋಸ್ ಬಾಯಿ, ಪಂಪಿನ ದಾರಿ, ಏನೇನು ತೆರೆದಿದೆಯೋ ಎಲ್ಲ ಬಂದ್ ಮಾಡಿ. ಬ್ಲಾಕಿನ ನೀರಿನ ತೂತುಗಳಿಗೆ ಅಂಚಿನವರೆಗೆ ನೀರು ತುಂಬಿ. ರಾತ್ರಿ ಬಿಟ್ಟು ಬೆಳಗ್ಗೆ ನೋಡಿ. ಇಳಿದಿದ್ದರೆ ಬ್ಲಾಕ್ ಕಡೆ ಸೋರುತ್ತಿದೆ. ಸಿಲಿಂಡರಿನ ಬಟ್ಟೆ ಒದ್ದೆ ಆಗಿದ್ದರೆ ಬ್ಲಾಕೇ ಬಿರುಕು ಬಿಟ್ಟಿದೆ, ದೇವರೇ ಗತಿ.

ಮಲೆನಾಡ ಅಂಬಿ: ಇಷ್ಟೆಲ್ಲ ಮಾಡೋ ಬದಲು ಒಂದು ಒಳ್ಳೆ ಅಂಬಾಸಿಡರ್ ನೋಡಬಹುದು. ನನ್ನದೇ ಕೊಡೋದಿದೆ. ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಇದೆ.

ಹುಬ್ಬಳ್ಳಿ ಫಿಯೆಟ್: ಕಾಯೋದೇ ಇಲ್ಲ ಅಂದಿರಲ್ಲ, ಮತ್ತೆ ಯಾಕ್ರೀ ಮಾರೋದು?

ಮಲೆನಾಡ ಅಂಬಿ: ಮನೆ ಮುಂದೆ ಜಾಗ ಇಲ್ಲ ಸ್ವಾಮಿ. ಎಲ್ಲದಕ್ಕೂ ಸೋರಿಕೆಯೇ ಕಾರಣ ಅಲ್ಲ.

ಮೈಸೂರು ಪದ್ಮಿನಿ: ಎಲ್ಲರಿಗೂ ಥ್ಯಾಂಕ್ಸ್. ಮಾವ, ನೀವು ಹೇಳಿದ ಹಾಗೇ ನೀರು ತುಂಬಿ ಮಲಗಿದೆ. ಬೆಳಗ್ಗೆ ಎರಡು ಬೆರಳು ಇಳಿದಿತ್ತು. ಬಟ್ಟೆ ಒಣಗಿಯೇ ಇದೆ! ಬ್ಲಾಕಿನ ಪಕ್ಕದ ತೂತು ಮುಚ್ಚುವ ಬಟ್ಟಲಿನಂಥ ಕೋರ್ ಪ್ಲಗ್ ಇದೆಯಲ್ಲ, ಅದರ ಸುತ್ತ ತುಕ್ಕಿನ ಕೆಂಪು ಕಲೆ, ಮುಟ್ಟಿದರೆ ಒದ್ದೆ. ಇಂಜಿನ್ ಬಿಸಿಗೆ ಅಲ್ಲೇ ಆರಿಹೋಗುತ್ತಿತ್ತು ಅನಿಸುತ್ತದೆ, ಅದಕ್ಕೇ ನೆಲಕ್ಕೆ ಬಿದ್ದಿಲ್ಲ. ಕುಡ್ಲದವರ ಸೀಮೆಸುಣ್ಣವನ್ನೂ ಮಾಡಿದೆ. ಮೂರನೇ ಸಿಲಿಂಡರಿನ ಎರಡು ವಾಲ್ವ್ ನಡುವೆ ಸಣ್ಣ ಗೆರೆ ಬಂದಿದೆ. ಅಂದರೆ ಸೋರಿಕೆ ಹೆಡ್ಡಲ್ಲೂ ಇದೆ, ಬ್ಲಾಕಲ್ಲೂ ಇದೆ. ಹೆಡ್ ನಾಳೆ ಲೇತಿಗೆ. ಪ್ಲಗ್ ಯಾವುದು ಹಾಕಲಿ?

ಟ್ಯಾಕ್ಸಿ ಮಾವ: ಹಿತ್ತಾಳೆಯದು ಸಿಕ್ಕರೆ ಅದನ್ನೇ ಹಾಕಿ, ತುಕ್ಕು ಹಿಡಿಯಲ್ಲ. ಒಂದು ಹೋಗಿದ್ದರೆ ಉಳಿದವೂ ಅದೇ ವಯಸ್ಸಿನವು, ಎಲ್ಲ ಬದಲಿಸಿ. ಹಳೆಯದನ್ನು ಒಳಗೆ ಬೀಳಿಸಬೇಡಿ.

ಹುಬ್ಬಳ್ಳಿ ಫಿಯೆಟ್: ಲೇತಿನವನು ಎಷ್ಟು ತೆಗೆಯುತ್ತಾನೆ ಅಂತ ಮೊದಲೇ ಕೇಳಿ. ಪಕ್ಕದಲ್ಲೇ ನಿಂತುಕೊಳ್ಳಿ. ಚಹಾ ಕುಡಿಯಲಿಕ್ಕೂ ಹೋಗಬೇಡಿ.

ಕುಡ್ಲದ ಕಾರು: ಅರಿಶಿನ ಮಾತ್ರ ಬೇಡ.